ಪುದಿಯಾಪ್ಲೆಯ ಜೊತೆ ಬಂದ ಮಗು

ಮಗಳಿಗೆ ವಾಲಿಬಾಲ್ ಪಂದ್ಯ ತೋರಿಸಿಕೊಂಡು ಬರುತ್ತೇನೆ ಎಂದು ನಾನು ಹೇಳಿದಾಗ ಹೆಂಡತಿಯ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಬೇಡ ಅನ್ನಬೇಕು ಎಂದು ಎಲ್ಲರಿಗೂ ಇತ್ತು. ಒಂದನೇ ಕ್ಲಾಸಿನ ಹೆಣ್ಣು ಮಗುವನ್ನು ಮಡಂತ್ಯಾರಿನಿಂದ ಎರಡು ಬಸ್ಸು ಹತ್ತಿಸಿ ಮೂಡುಬಿದಿರೆಗೆ, ಅದೂ ಗಂಡಸರೇ ತುಂಬಿದ ಮೈದಾನಕ್ಕೆ ಕರೆದುಕೊಂಡು ಹೋಗುವುದು ಅವರಿಗೆ ಹಿಡಿಸುವ ಮಾತಾಗಿರಲಿಲ್ಲ. ಆದರೆ ಹೇಳಿದವನು ನಾನು, ಆ ಮನೆಯ ಪುದಿಯಾಪ್ಲೆ.

ಪುದಿಯಾಪ್ಲೆ ಎಂದರೆ ನಮ್ಮ ಬ್ಯಾರಿ ಭಾಷೆಯಲ್ಲಿ ಮದುಮಗ. ಮದುವೆಯಾಗಿ ವರ್ಷಗಳು ಕಳೆದು ತಲೆಗೂದಲು ಅರ್ಧ ಉದುರಿದ ಮೇಲೂ ಹೆಂಡತಿಯ ಮನೆಯಲ್ಲಿ ಗಂಡಸು ಮದುಮಗನೇ. ಅವನು ಕೂರುವಲ್ಲಿ ಹೊಸ ಚಾಪೆ ಬೀಳುತ್ತದೆ. ಅವನು ಬರುವ ಸುದ್ದಿ ಸಿಕ್ಕಿದರೆ ಹಿತ್ತಿಲಿನ ಒಂದು ಕೋಳಿಯ ಆಯುಷ್ಯ ಮುಗಿಯುತ್ತದೆ. ಅವನು ಉಂಡು ಎದ್ದ ಮೇಲೆಯೇ ಮಕ್ಕಳಿಗೆ ಊಟ. ಅತ್ತೆಯಾದವಳು ಅವನ ಎದುರು ಬರುವುದಿಲ್ಲ, ಬಾಗಿಲ ಪರದೆಯ ಹಿಂದಿನಿಂದಲೇ ಮಾತಾಡುತ್ತಾಳೆ. ಅವನ ಮುಖಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ. ಆ ದಿನವೂ ಪರದೆಯ ಹಿಂದಿನಿಂದ ಬಂದ ಮಾತು ಇಷ್ಟೇ: "ಪುದಿಯಾಪ್ಲೆಯ ಇಷ್ಟ. ಬಿಸಿಲು ಮಾತ್ರ ತುಂಬಾ ಉಂಟು." ಬಿಸಿಲು ಎಂದರೆ ಬೇಡ ಎಂದು ಅರ್ಥ. ನನಗೆ ಅರ್ಥವಾಗಿತ್ತು, ಆದರೂ ಅರ್ಥವಾಗದವನ ಹಾಗೆ ಕೂತೆ. ಅಷ್ಟು ಮರ್ಯಾದೆ ಕೊಡುವವರಿಂದ ಒಂದಾದರೂ ಉಪಯೋಗ ಬೇಡವೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಗಲ್ಫಿನ ಒಂದು ಟಯರ್ ಗೋಡೌನಿನಲ್ಲಿ ಕೆಲಸಕ್ಕಿದ್ದೆ. ಎರಡು ವರ್ಷಕ್ಕೊಮ್ಮೆ ರಜೆ, ಅದೂ ಎರಡೇ ತಿಂಗಳು. ನನ್ನ ಸ್ವಂತ ಊರು ಕೇರಳದ ಗಡಿಗೆ ತಾಗಿದ ಕನ್ಯಾನ. ಅಲ್ಲಿ ತಾಯಿ ತೀರಿಹೋದ ಮೇಲೆ ಹೆಂಡತಿಯನ್ನು ಬಿಟ್ಟು ಹೋಗುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಅವಳು ಮಡಂತ್ಯಾರಿನ ತನ್ನ ತಾಯಿಯ ಮನೆಯಲ್ಲೇ ಉಳಿದಳು. ಮಗಳು ಹುಟ್ಟಿದ್ದು ಅಲ್ಲಿ, ನಡೆಯಲು ಕಲಿತದ್ದು ಅಲ್ಲಿ, ಮಾತು ಕಲಿತದ್ದೂ ಅಲ್ಲಿಯೇ. ಆ ಮಾತಿನಲ್ಲೇ ನನ್ನ ತೊಂದರೆ ಶುರುವಾದದ್ದು.

ಆ ಮನೆಯಲ್ಲಿ ನನ್ನ ಹೆಂಡತಿಯ ಅಣ್ಣ, ಅವನ ಹೆಂಡತಿ, ಅವನ ಮೂವರು ಮಕ್ಕಳು. ಆ ಮಕ್ಕಳು ತಮ್ಮ ತಂದೆಯನ್ನು ಉಪ್ಪ ಎಂದು ಕರೆಯುತ್ತಿದ್ದರು, ನಮ್ಮಲ್ಲಿ ತಂದೆಗೆ ಹಾಗೆಯೇ ಹೇಳುವುದು. ಅವರ ಜೊತೆ ಒಂದೇ ಬಟ್ಟಲಲ್ಲಿ ಉಂಡು ಬೆಳೆದ ನನ್ನ ಮಗಳೂ ತನ್ನ ಆ ಸೋದರಮಾವನನ್ನು ಉಪ್ಪ ಅಂದಳು. ನನ್ನನ್ನು ಆ ಮನೆಯಲ್ಲಿ ಎಲ್ಲರೂ ಪುದಿಯಾಪ್ಲೆ ಎನ್ನುತ್ತಿದ್ದರು. ಅವಳೂ ಹಾಗೆಯೇ ಅಂದಳು. "ಪುದಿಯಾಪ್ಲೆಗೆ ಚಾ ಆಯಿತು." "ಪುದಿಯಾಪ್ಲೆ ಮಲಗಿದ್ದಾರೆ, ಸದ್ದು ಮಾಡಬೇಡಿ." ನೇರವಾಗಿ ನನ್ನ ಹತ್ತಿರ ಮಾತಾಡುವಾಗ ಏನೂ ಕರೆಯುತ್ತಿರಲಿಲ್ಲ. ಎದುರು ಬಂದು ನಿಂತು, ನಾನು ನೋಡುವವರೆಗೆ ಕಾಯುತ್ತಿದ್ದಳು.

ಮೊದಮೊದಲು ಎಲ್ಲರೂ ನಕ್ಕರು. ನಾನೂ ನಕ್ಕೆ. ಇದು ನನ್ನ ಮೂರನೇ ರಜೆ. ಈ ಸಲ ನಗು ಬರಲಿಲ್ಲ. ಹೆಂಡತಿ ಒಂದು ದಿನ ಮೆಲ್ಲನೆ, "ನಾನು ಹೇಳಿ ಕೊಡ್ತೇನೆ ಅವಳಿಗೆ. ಎರಡು ದಿನದಲ್ಲಿ ಸರಿಯಾಗ್ತದೆ," ಅಂದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಮಗ್ಗಿ ಕಲಿಸಿದ ಹಾಗೆ ಕಲಿಸಿ ಹೇಳಿಸುವುದು ನನಗೆ ಬೇಡ. ಬಂದರೆ ತಾನಾಗಿ ಬರಲಿ," ಎಂದು ರೇಗಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ರಜೆ ಮುಗಿಯುತ್ತಾ ಬಂದಿತ್ತು. ಮತ್ತೆ ವಿಮಾನ ಹತ್ತುವ ಮೊದಲು ಒಂದೇ ಒಂದು ಸಲ, ಯಾರೂ ಹೇಳಿಕೊಡದೆ, ಅವಳು ನನ್ನನ್ನು ಉಪ್ಪ ಎಂದು ಕರೆಯಬೇಕು. ನನಗೆ ಬೇಕಾಗಿದ್ದದ್ದು ಅದು ಮಾತ್ರ.

ಹಾಗಿರುವಾಗ ಮಡಂತ್ಯಾರಿನ ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಒಂದು ಪೋಸ್ಟರ್ ಕಂಡಿತು. ಮೂಡುಬಿದಿರೆಯಲ್ಲಿ ಆದಿತ್ಯವಾರ ವಾಲಿಬಾಲ್ ಪಂದ್ಯಾಟ. ನಮ್ಮ ಊರಿನ ಹುಡುಗರ ಆಟವಲ್ಲ, ಕೇರಳದಿಂದ, ಮದ್ರಾಸಿನಿಂದ ಬರುವ ತಂಡಗಳು. ಆಡುವುದಕ್ಕೆಂದೇ ಸಂಬಳ ಪಡೆಯುವ ಆಟಗಾರರು. ಮದುವೆಗೆ ಮುಂಚೆ ನಾನೂ ಕನ್ಯಾನದಲ್ಲಿ ಆಡುತ್ತಿದ್ದೆ. ನಾನು ಲಿಫ್ಟರ್, ಅಂದರೆ ಇನ್ನೊಬ್ಬ ಹಾರಿ ಹೊಡೆಯುವುದಕ್ಕೆ ಬಾಲನ್ನು ಬೆರಳಿನ ತುದಿಯಿಂದ ಎತ್ತಿ ಕೊಡುವವನು. ಚಪ್ಪಾಳೆ ಸಿಗುವುದು ಹೊಡೆಯುವವನಿಗೆ, ಬೆರಳು ಉಳುಕುವುದು ಲಿಫ್ಟರನಿಗೆ. ಆದರೂ ನನ್ನ ಬದುಕಿನಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ. ಸೆಂಟು, ಚಾಕಲೇಟು, ಬಟ್ಟೆ ಎಲ್ಲ ಕೊಟ್ಟಾಗಿತ್ತು. ಅವು ಆ ಮನೆಯ ಎಲ್ಲ ಮಕ್ಕಳಿಗೂ ಸಮಪಾಲು. ಅವಳೊಬ್ಬಳಿಗೇ ಎಂದು ಕೊಡಲು ನನ್ನಲ್ಲಿ ಬೇರೆ ಏನಿತ್ತು? ಆಟ ತೋರಿಸುವ ಅನ್ನಿಸಿತು.

ಆದಿತ್ಯವಾರ ಮಧ್ಯಾಹ್ನ ಅವಳಿಗೆ ಹಳದಿ ಫ್ರಾಕ್ ತೊಡಿಸಿ, ತಲೆಗೆ ಬಿಳಿ ಶಾಲು ಕಟ್ಟಿ ಕಳಿಸಿದರು. ಹೊರಡುವಾಗ ಅವಳ ಉಮ್ಮ, ಎಂದರೆ ನನ್ನ ಹೆಂಡತಿ, ಕಿವಿಯಲ್ಲಿ ಏನೋ ಹೇಳಿದಳು. ಮಾವ ಅಂಗಡಿಗೆ ಹೋಗುವವನು ನಿಂತು ಅವಳ ಗಲ್ಲ ಹಿಡಿದು, "ಅದು ಬೇಕು ಇದು ಬೇಕು ಅಂತ ಪುದಿಯಾಪ್ಲೆಗೆ ಉಪದ್ರ ಕೊಡಬಾರದು. ಗೊತ್ತಾಯ್ತಾ?" ಎಂದು ಹೇಳಿದ. ಅವಳು ತಲೆಯಾಡಿಸಿದಳು. ಅಲ್ಲಿಗೇ ನನ್ನ ಕೆಲಸ ಕೆಟ್ಟಿತು ಎಂದು ಆಗ ನನಗೆ ಹೊಳೆಯಲಿಲ್ಲ.

ಗುರುವಾಯನಕೆರೆಯಲ್ಲಿ ಬಸ್ಸು ಬದಲಾಯಿಸಿ ವೇಣೂರು ದಾರಿಯಲ್ಲಿ ಹೋದೆವು. ಅವಳಿಗೆ ಕಿಟಕಿಯ ಬದಿಯ ಸೀಟು ಕೊಟ್ಟೆ. ಅವಳು ಕಿಟಕಿಯ ಹೊರಗೆ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ಕೂತಿದ್ದಳು. ಗಾಳಿಗೆ ಶಾಲು ಮುಖಕ್ಕೆ ಬಡಿದರೂ ಸರಿಮಾಡಲಿಲ್ಲ. "ಬಾಯಾರಿಕೆ ಉಂಟಾ?" ಕೇಳಿದೆ. ಇಲ್ಲ. "ಹಸಿವು?" ಇಲ್ಲ. "ವಾಂತಿ ಬರುವ ಹಾಗೆ ಆಗ್ತದಾ?" ಇಲ್ಲ. ಮನೆಯಲ್ಲಿ ಇದೇ ಮಗು ಮಾವನ ಹೆಗಲೇರಿ ಕಿವಿ ಹಿಂಡುವುದನ್ನು ನಾನು ನೋಡಿದ್ದೆ.

ಮೈದಾನದಲ್ಲಿ ಅಡಿಕೆ ಮರದ ಕಂಬ ನಿಲ್ಲಿಸಿ ಹಲಗೆ ಹಾಸಿ ಗ್ಯಾಲರಿ ಕಟ್ಟಿದ್ದರು. ನಡುವೆ ನೀರು ಚಿಮುಕಿಸಿ ಹದ ಮಾಡಿದ ಮಣ್ಣಿನ ಅಂಗಣ, ಸುಣ್ಣದ ಗೆರೆ, ಬಿಗಿಯಾಗಿ ಕಟ್ಟಿದ ನೆಟ್. ಹೆಂಗಸರಿಗೆ ಎದುರು ಬದಿಯಲ್ಲಿ ಹಗ್ಗ ಕಟ್ಟಿ ಬೇರೆ ಜಾಗ. ಅಲ್ಲಿ ಬೆರಳೆಣಿಕೆಯ ಹೆಂಗಸರು ಇದ್ದರು. ನಮ್ಮ ಬದಿಯಲ್ಲಿ ಬೀಡಿಯ ಹೊಗೆ, ಶೇಂಗಾದ ಸಿಪ್ಪೆ. ಗಂಡಸರು ಹೆಣ್ಣು ಮಗುವನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಚರುಮುರಿ ಎರಡು ಪೊಟ್ಟಣ ತೆಗೆದುಕೊಂಡೆ. ಅವಳು ತನ್ನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತಳು. ತಿನ್ನು ಎಂದೆ. ತಿನ್ನಲಿಲ್ಲ. ಖಾರ ಎಂದು ಹೆದರಿದಳೋ ಏನೋ ಎಂದುಕೊಂಡೆ. ಆಮೇಲೆ ನಾನು ನನ್ನದರಿಂದ ಒಂದು ಹಿಡಿ ಬಾಯಿಗೆ ಹಾಕಿದ ತಕ್ಷಣ ಅವಳೂ ಒಂದು ಹಿಡಿ ಹಾಕಿಕೊಂಡಳು. ನಾನು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಿದ್ದಳು. ಪುದಿಯಾಪ್ಲೆ ತಿನ್ನದೆ ಮಕ್ಕಳು ತಿನ್ನಬಾರದು. ಅದನ್ನು ಅವಳು ಮೂಡುಬಿದಿರೆಯವರೆಗೂ ಹೊತ್ತು ತಂದಿದ್ದಳು.  ಅವಳಿಗೆ ಹೊಟ್ಟೆ ತುಂಬಲಿ ಎಂದು ನನ್ನ ಪೊಟ್ಟಣವನ್ನು ಪೂರ್ತಿ ತಿಂದೆ.

ಆಟಗಾರರು ಅಂಗಣಕ್ಕೆ ಬಂದಾಗ ಅವಳು ಕತ್ತು ಎತ್ತಿ ನೋಡಿದಳು. ಅಷ್ಟು ಎತ್ತರದ ಗಂಡಸರನ್ನು ಅವಳು ಕಂಡಿರಲಿಲ್ಲ, ನಾನೂ ಹೆಚ್ಚು ಕಂಡವನಲ್ಲ. "ಇವರ ಕೆಲಸ ಆಡುವುದೇ. ಅದಕ್ಕೆ ಸಂಬಳ ಕೊಡ್ತಾರೆ," ಎಂದೆ.

ಅವಳು ಸ್ವಲ್ಪ ಹೊತ್ತು ಆಲೋಚಿಸಿ, ಮೊದಲ ಸಲ ತಾನಾಗಿ ಬಾಯಿ ತೆರೆದು ಕೇಳಿದಳು: "ನೀವು ಅಲ್ಲಿ ಏನು ಆಡುವುದು?"

"ಎಲ್ಲಿ?"

"ಗಲ್ಫಿನಲ್ಲಿ. ಸಂಬಳ ಕೊಡ್ತಾರಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಟಯರ್ ಎತ್ತಿ ಇಡುವ ಆಟ ಎಂದೆ. ಎಷ್ಟು ದೊಡ್ಡ ಟಯರ್ ಎಂದು ಕೇಳಿದಳು. ನಿನ್ನ ಎರಡರಷ್ಟು ಎತ್ತರ ಎಂದೆ. ಅವಳು ನನ್ನ ಕೈಗಳನ್ನು ನೋಡಿದಳು, ಆಮೇಲೆ ಆಟಗಾರರ ಕೈಗಳನ್ನು ನೋಡಿದಳು. ಅಷ್ಟರಲ್ಲಿ ಆಟ ಶುರುವಾಯಿತು. ಮದ್ರಾಸಿನ ತಂಡದ ಒಬ್ಬ ಹಾರಿ ಹೊಡೆದ ಸ್ಮ್ಯಾಶ್ ಎದುರಾಳಿಯ ಎದೆಗೆ ಬಡಿದು ನೇರ ನಮ್ಮ ಗ್ಯಾಲರಿಯ ಕಡೆ ಹಾರಿ ಬಂತು. ನಾನು ಎದ್ದು, ಅಭ್ಯಾಸಬಲದಿಂದ, ಹತ್ತು ಬೆರಳಿನಲ್ಲಿ ಅದನ್ನು ಎತ್ತಿ ಅಂಗಣಕ್ಕೆ ವಾಪಸ್ ಕೊಟ್ಟೆ. ಬಾಲು ಸರ್ವಿಸ್ ಮಾಡುವವನ ಕೈಗೇ ಹೋಗಿ ಬಿತ್ತು. ಸುತ್ತ ಕೂತವರು ಶಿಳ್ಳೆ ಹೊಡೆದರು. ಮಗಳು ನನ್ನ ಅಂಗಿಯ ಚುಂಗು ಹಿಡಿದುಕೊಂಡು ನಗುತ್ತಿದ್ದಳು, ಹಲ್ಲು ಬಿದ್ದ ಜಾಗವೆಲ್ಲ ಕಾಣುವ ಹಾಗೆ. ಅಲ್ಲಿಂದ ಮುಂದೆ ಒಂದೊಂದು ಸ್ಮ್ಯಾಶಿಗೂ ಅವಳು ಕೂತಲ್ಲೇ ಒಂದಿಷ್ಟು ಹಾರುತ್ತಿದ್ದಳು. ನಾನು ಲಿಫ್ಟರನನ್ನು ತೋರಿಸಿ, "ಅವನನ್ನು ನೋಡು. ಹೊಡೆಯುವವನನ್ನಲ್ಲ, ಎತ್ತಿ ಕೊಡುವವನನ್ನು. ನಾನೂ ಹಾಗೆಯೇ ಆಡ್ತಿದ್ದೆ," ಎಂದೆ. ಅವಳು ಅವನನ್ನೇ ನೋಡಿದಳು. ಅಂಗಿ ಬಿಡಲಿಲ್ಲ. ಆ ಅರ್ಧ ಗಂಟೆ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಮೂರನೇ ಸೆಟ್ ಬಿಗಿಯಾಗಿತ್ತು. ಹದಿನಾಲ್ಕು-ಹದಿನಾಲ್ಕು ಆದಾಗ ಇಡೀ ಗ್ಯಾಲರಿ ಎದ್ದು ನಿಂತಿತು, ನಾನೂ ಎದ್ದೆ. ಬಾಲು ಈಚೆ ಆಚೆ ಹೋಗುತ್ತಲೇ ಇತ್ತು, ನೆಲಕ್ಕೆ ಬೀಳಲೇ ಇಲ್ಲ. ಕೊನೆಗೆ ಬಿದ್ದಾಗ ಎಲ್ಲರೂ ಕೂಗಿ ಕೂತರು. ಕೂತು ಪಕ್ಕಕ್ಕೆ ನೋಡುತ್ತೇನೆ, ಹಲಗೆಯ ಮೇಲೆ ಚರುಮುರಿಯ ಪೊಟ್ಟಣ ಮಾತ್ರ ಇತ್ತು, ಅಂದವಾಗಿ ಮಡಚಿದ್ದು. ಮಗಳು ಇರಲಿಲ್ಲ.

ಗ್ಯಾಲರಿಯ ಅಡಿಗೆ ಬಗ್ಗಿ ನೋಡಿದೆ. ಚರುಮುರಿಯವನ ಹತ್ತಿರ ಓಡಿದೆ. ಐಸ್‌ಕ್ಯಾಂಡಿ ಸೈಕಲ್ಲಿನ ಸುತ್ತ ಸೇರಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತಿರುಗಿಸಿ ನೋಡಿದೆ. ಅವಳ ಹೆಸರು ಹಿಡಿದು ಕೂಗಿದೆ, ಆ ಗದ್ದಲದಲ್ಲಿ ಅದು ನನಗೇ ಕೇಳಿಸಲಿಲ್ಲ. ಗೇಟಿನ ಹೊರಗೆ ರಸ್ತೆ, ರಸ್ತೆಯಲ್ಲಿ ಸಾಲು ಬಸ್ಸುಗಳು.  ಈ ಮೈದಾನದಲ್ಲಿ ನನಗೆ ಒಬ್ಬ ಪರಿಚಯದವನಿಲ್ಲ. ಆ ಮನೆಯವರಿಗೆ ಏನು ಹೇಳಲಿ? ಪರದೆಯ ಹಿಂದೆ ನಿಂತವಳಿಗೆ ಯಾವ ಮುಖ ತೋರಿಸಲಿ?

ಆಗ ಮೈಕಿನಲ್ಲಿ ಕೇಳಿಸಿತು. ಆಟದ ವಿವರಣೆ ಕೊಡುತ್ತಿದ್ದವನು ಅದೇ ರಾಗದಲ್ಲಿ ಹೇಳಿದ: "ಕ್ರೀಡಾಭಿಮಾನಿಗಳ ಗಮನಕ್ಕೆ. ಹಳದಿ ಫ್ರಾಕ್ ಧರಿಸಿದ ಹೆಣ್ಣು ಮಗುವೊಂದು ವೇದಿಕೆಯ ಬಳಿ ಉಂಟು. ಯಾರ ಜೊತೆ ಬಂದದ್ದು ಎಂದು ಕೇಳಿದರೆ ಪುದಿಯಾಪ್ಲೆಯ ಜೊತೆ ಎಂದು ಹೇಳುತ್ತಿದ್ದಾಳೆ. ದಯವಿಟ್ಟು ಪುದಿಯಾಪ್ಲೆ ಎಲ್ಲಿದ್ದರೂ ವೇದಿಕೆಯ ಬಳಿಗೆ ಬರಬೇಕು."

ಇಡೀ ಮೈದಾನ ನಕ್ಕಿತು. ನಮ್ಮ ಕಡೆಯ ಮೈದಾನದಲ್ಲಿ ಬ್ಯಾರಿ ಭಾಷೆ ಅರ್ಥವಾಗದವರು ಕಡಿಮೆ. "ಯಾವ ಪುದಿಯಾಪ್ಲೆ ಮಾರಾಯ, ಇಲ್ಲಿ ನಾವೇ ನಾಲ್ಕು ಜನ ಇದ್ದೇವೆ," ಎಂದು ಯಾರೋ ಹಿಂದಿನಿಂದ ಹೇಳಿದ. ಇನ್ನೊಬ್ಬ, "ಮದುಮಗ ಬಂದ, ದಾರಿ ಬಿಡಿ," ಎಂದ. ಮಗು ಸಿಕ್ಕಿದೆ ಎಂದು ನನಗೆ ಜೀವ ಬಂದಿತ್ತು. ಅದೇ ಹೊತ್ತಿಗೆ ಆ ನಗುವಿನ ನಡುವೆ ನಡೆದುಹೋಗುವಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವೇದಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು ಕೂತಿದ್ದಳು. ಪಕ್ಕದಲ್ಲಿ ನಡುವಯಸ್ಸಿನ ಒಬ್ಬ ಹೆಂಗಸು, ಎದುರು ಎದೆಗೆ ರಿಬ್ಬನ್ ಚುಚ್ಚಿಕೊಂಡ ಒಬ್ಬ ಸ್ವಯಂಸೇವಕ. ಅತ್ತಿರಲಿಲ್ಲ ಅವಳು. ನನ್ನನ್ನು ಕಂಡು ಎದ್ದು ನಿಂತಳು, ಮನೆಯಲ್ಲಿ ನಾನು ಒಳಗೆ ಬಂದರೆ ಮಕ್ಕಳೆಲ್ಲ ಎದ್ದು ನಿಲ್ಲುವ ಹಾಗೆ. ಓಡಿ ಬರಲಿಲ್ಲ.

ಆ ಹೆಂಗಸು ನನಗೆ ತಗ್ಗಿದ ದನಿಯಲ್ಲಿ ಹೇಳಿದಳು: "ಮೂತ್ರಕ್ಕೆ ಅರ್ಜೆಂಟ್ ಆಗಿತ್ತು ಮಗುವಿಗೆ. ಹೆಂಗಸರು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ನಮ್ಮ ಬದಿಗೆ ಬಂದದ್ದು. ಪಾಪ, ಮಧ್ಯಾಹ್ನದಿಂದ ತಡಕೊಂಡಿತ್ತಂತೆ. ಆಮೇಲೆ ಎಲ್ಲಿ ಕೂತದ್ದು ಅಂತ ಗೊತ್ತಾಗಲಿಲ್ಲ ಅದಕ್ಕೆ." ನಾನು ಮಗಳನ್ನು ನೋಡಿದೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಪುದಿಯಾಪ್ಲೆಗೆ ಉಪದ್ರ ಕೊಡಬಾರದು. ಅಂಥ ಮಾತನ್ನು ಪುದಿಯಾಪ್ಲೆಯ ಹತ್ತಿರ ಆಡಲೇಬಾರದು.

ನಾನು ಕೈ ಚಾಚಿ ಬಾ ಎಂದೆ. ಸ್ವಯಂಸೇವಕ ನಡುವೆ ಬಂದು ನಿಂತ. ಇಪ್ಪತ್ತೈದು ದಾಟಿರಲಿಕ್ಕಿಲ್ಲ ಅವನಿಗೆ. "ಒಂದು ನಿಮಿಷ. ನೀವು ಮಗುವಿಗೆ ಏನಾಗಬೇಕು?"

"ತಂದೆ."

ಅವನು ಅವಳ ಕಡೆ ಬಗ್ಗಿದ. "ಇವರು ಯಾರಮ್ಮ?"

"ಪುದಿಯಾಪ್ಲೆ."

"ನಿನ್ನ ಉಪ್ಪನಾ?"

ಅವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಸುಳ್ಳು ಹೇಳಬಾರದು ಎಂದು ಮದ್ರಸದಲ್ಲಿ ಕಲಿಸಿದ್ದನ್ನು ನಂಬಿದ್ದ ಮಗು. "ಉಪ್ಪ ಅಂಗಡಿಯಲ್ಲಿದ್ದಾರೆ," ಅಂದಳು.

ಸ್ವಯಂಸೇವಕನ ಮುಖ ಬದಲಾಯಿತು. ಅವನ ಜಾಗದಲ್ಲಿ ನಾನಿದ್ದರೂ ಬದಲಾಗುತ್ತಿತ್ತು, ಅದು ನನಗೆ ಈಗ ಅರ್ಥವಾಗುತ್ತದೆ. ಆಗ ನನ್ನ ತಲೆ ಕೆಟ್ಟಿತು. "ನನ್ನ ಮಗಳನ್ನು ನನಗೆ ಕೊಡುವುದಿಲ್ಲ ಅನ್ನಲಿಕ್ಕೆ ನೀನು ಯಾರು?" ಎಂದು ಜೋರು ಮಾಡಿದೆ. ಎರಡು ಮೂರು ಜನ ಹತ್ತಿರ ಬಂದರು. "ಜೋರು ಮಾಡಬೇಡಿ ಮಾರಾಯ್ರೆ. ಮಗುವೇ ಅಲ್ಲ ಅನ್ನುವಾಗ ನಾವು ಹೇಗೆ ಕಳಿಸುವುದು? ನಿಮ್ಮ ಪರಿಚಯದವರು ಯಾರಾದರೂ ಇದ್ದಾರಾ ಇಲ್ಲಿ?" ಎಂದು ಒಬ್ಬ ಹಿರಿಯರು ಕೇಳಿದರು. ಯಾರೂ ಇರಲಿಲ್ಲ. ಇದ್ದ ಪಾಸ್‌ಪೋರ್ಟ್ ಕೂಡ ಮಡಂತ್ಯಾರಿನ ಕಪಾಟಿನಲ್ಲಿತ್ತು.

ಮಗಳೇ ದಾರಿ ತೋರಿಸಿದಳು. ಮಾವ ಅವಳಿಗೆ ಅಂಗಡಿಯ ಫೋನ್ ನಂಬರ್ ಬಾಯಿಪಾಠ ಮಾಡಿಸಿದ್ದ, ಕಳೆದುಹೋದರೆ ಹೇಳಬೇಕು ಎಂದು. ಅವಳು ಅದನ್ನು ತಪ್ಪಿಲ್ಲದೆ ಒಪ್ಪಿಸಿದಳು. ರಸ್ತೆಯಾಚೆ ಎಸ್‌ಟಿಡಿ ಬೂತ್ ಇತ್ತು. ಸ್ವಯಂಸೇವಕ, ಆ ಹೆಂಗಸು, ನಡುವೆ ಅವಳು; ಅವರ ಹಿಂದೆ ನಾನು. ಅವಳ ಕೈ ಹಿಡಿದದ್ದು ಆ ಹೆಂಗಸು. ಸ್ವಯಂಸೇವಕ ಫೋನ್ ಹಚ್ಚಿ ಎರಡು ಮಾತಾಡಿ ರಿಸೀವರನ್ನು ಅವಳ ಕಿವಿಗೆ ಇಟ್ಟ. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದವಳು, ಆ ಕಡೆಯ ದನಿ ಕೇಳಿದ್ದೇ ತಡ, "ಉಪ್ಪಾ," ಎಂದು ಗೋಳೋ ಎಂದು ಅತ್ತಳು. ಬಿಕ್ಕಿ ಬಿಕ್ಕಿ ಎಲ್ಲ ಹೇಳಿದಳು. ಬಸ್ಸಿನಲ್ಲಿ ಬಾಯಾರಿಕೆಯಾಗಿತ್ತು, ಚಪ್ಪಲಿ ಕಚ್ಚುತ್ತಿತ್ತು, ಹೊಗೆಗೆ ಕಣ್ಣು ಉರಿಯುತ್ತಿತ್ತು. ಇಲ್ಲ, ಇಲ್ಲ, ಇಲ್ಲ ಎಂದು ನನಗೆ ಹೇಳಿದ್ದೆಲ್ಲ ಫೋನಿನಲ್ಲಿ ಹೌದು ಎಂದು ಹೊರಗೆ ಬಂತು. ನಾನು ಬೂತಿನ ಗಾಜಿನ ಹೊರಗೆ ನಿಂತು ಕೇಳಿದೆ.

ಆಮೇಲೆ ರಿಸೀವರ್ ಸ್ವಯಂಸೇವಕನ ಕೈಗೆ ಬಂತು. ಅವನು ಹೌದಾ, ಹೌದಾ ಎನ್ನುತ್ತ ಕೇಳಿ ಇಟ್ಟು, ಹೊರಗೆ ಬಂದು ತಲೆ ತಗ್ಗಿಸಿದ. "ಕ್ಷಮಿಸಿ. ಅವರು ನಮ್ಮ ಪುದಿಯಾಪ್ಲೆಯೇ, ಮಗುವನ್ನು ಕೊಡಬಹುದು ಅಂತ ಹೇಳಿದರು." ಅವನು ಒಳ್ಳೆಯ ಹುಡುಗ. ಫೈನಲ್ ನೋಡಿ ಹೋಗಿ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸ್ತೇನೆ ಎಂದ. ನಾನು ಬೇಡ ಎಂದೆ. ಹಿಂದಿನಿಂದ ಮತ್ತೆ ಮೈಕಿನಲ್ಲಿ ಆಟದ ವಿವರಣೆ ಕೇಳುತ್ತಿತ್ತು. ಮಗಳು ಒಂದು ಸಲ ತಿರುಗಿ ನೋಡಿದಳು. ಅವಳಿಗೆ ಆಟ ನಿಜವಾಗಿಯೂ ಹಿಡಿಸಿತ್ತು ಎಂದು ಈಗಲೂ ನಂಬುತ್ತೇನೆ.

ಆಮೇಲಿನ ವರ್ಷಗಳಲ್ಲಿ ನಾನು ಗಲ್ಫ್ ಬಿಟ್ಟು ಬಂದು ಬಂಟ್ವಾಳದಲ್ಲಿ ಮನೆ ಮಾಡಿದೆ, ಹೆಂಡತಿ ಮಗಳನ್ನು ಕರೆದುಕೊಂಡೆ. ಮಗಳು ಬೆಳೆದು ನನ್ನ ಹತ್ತಿರ ಜಗಳವಾಡುವಷ್ಟು ದೊಡ್ಡವಳಾದಳು. ಆ ದಿನದ ಕಥೆಯನ್ನು ಮನೆಯಲ್ಲಿ ತಮಾಷೆಗೆ ಹೇಳುತ್ತಾರೆ. ಮೈಕಿನವನು ಹೇಳಿದ್ದನ್ನು ಅವಳೇ ಅದೇ ರಾಗದಲ್ಲಿ ಅನುಕರಣೆ ಮಾಡಿ ತೋರಿಸುತ್ತಾಳೆ. ಎಲ್ಲರೂ ನಗುವಾಗ ನಾನೂ ನಗುತ್ತೇನೆ. ಕಥೆ ಮೈಕಿನ ಹತ್ತಿರವೇ ನಿಲ್ಲುವುದರಿಂದ ನಗುವುದು ಕಷ್ಟವಲ್ಲ. ಅದರ ಮುಂದಿನದ್ದನ್ನು ನಾನು ಯಾರಿಗೂ ಹೇಳಿಲ್ಲ.

ಆ ದಿನ ನಾವು ಮನೆ ಮುಟ್ಟಿದಾಗ ಮಗ್ರಿಬ್, ಎಂದರೆ ಮುಸ್ಸಂಜೆಯ ನಮಾಜಿನ ಬಾಂಗ್ ಆಗಿತ್ತು. ಅಂಗಳದಲ್ಲಿ ಎಲ್ಲರೂ ನಿಂತಿದ್ದರು. ದಾರಿಯುದ್ದಕ್ಕೂ ನಾನು ಬೈಗುಳಕ್ಕೆ ತಯಾರಾಗಿದ್ದೆ. ಒಂದು ಮಗುವನ್ನು ನೋಡಿಕೊಳ್ಳಲು ಆಗುವುದಿಲ್ಲವೇ ಎಂದು ಯಾರಾದರೂ ಕೇಳಲಿ ಎಂದು ಆಸೆಯೂ ಇತ್ತು. ಬೈಯುವುದು ಮನೆಯವನನ್ನು ಅಲ್ಲವೇ. ಯಾರೂ ಬೈಯಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡು ಕೈಕಾಲು ತೊಳೆಯಲು ನೀರು ತಂದಳು. ಪರದೆಯ ಹಿಂದಿನಿಂದ ಅತ್ತೆಯ ದನಿ ಬಂತು: "ಪುದಿಯಾಪ್ಲೆ ದಣಿದಿದ್ದಾರೆ. ಫ್ಯಾನ್ ಹಾಕಿ."

ಬೈಗುಳ ಬಿದ್ದದ್ದು ಮಗುವಿಗೆ. ಮಾವ ಅವಳನ್ನು ಎದುರು ನಿಲ್ಲಿಸಿ, "ಹೇಳದೆ ಎದ್ದು ಹೋಗುವುದಾ? ಪುದಿಯಾಪ್ಲೆಯ ಮರ್ಯಾದೆ ಹೋಯ್ತಲ್ಲ ಅಷ್ಟು ಜನರ ಎದುರು?" ಎಂದು ಅವಳ ಕಾಲಿಗೆ ಒಂದು ಬಿಟ್ಟ. ಹೆಚ್ಚು ಜೋರಾಗಿ ಅಲ್ಲ. ನಾನು ಎದ್ದು, "ಅವಳಿಗೆ ಹೊಡೆಯಬೇಡಿ, ಅವಳದ್ದು ಏನೂ ತಪ್ಪಿಲ್ಲ," ಎಂದೆ. "ನೀವು ಕೂತುಕೊಳ್ಳಿ ಭಾವ, ನೀವು ತಲೆಬಿಸಿ ಮಾಡಬೇಡಿ," ಎಂದ ಅವನು, ಬಹಳ ಮರ್ಯಾದೆಯಿಂದ. ಪೆಟ್ಟು ತಿಂದ ಮಗು ಅಳುತ್ತ ಸುತ್ತ ನೋಡಿತು. ನಾನು ಎರಡು ಹೆಜ್ಜೆ ದೂರದಲ್ಲಿ ಕೈ ಮುಂದೆ ಮಾಡಿ ನಿಂತಿದ್ದೆ. ಅವಳು ಹೋಗಿ ಹೊಡೆದವನ ಸೊಂಟವನ್ನೇ ತಬ್ಬಿಕೊಂಡು ಅವನ ಲುಂಗಿಯಲ್ಲಿ ಮುಖ ಒರೆಸಿಕೊಂಡಳು. ಅವನು ಅವಳನ್ನು ಎತ್ತಿಕೊಂಡ. ನನಗೆ ತಟ್ಟೆ ಬಂತು, ತುಪ್ಪದನ್ನ, ಕೋಳಿಯ ಕಾಲು.

ಊಟವಾದ ಮೇಲೆ ಅವನು ಜಗಲಿಗೆ ಬಂದು ನನ್ನ ಪಕ್ಕ ಕೂತ.  "ಆ ಹುಡುಗ ಫೋನಿನಲ್ಲಿ ಎಲ್ಲ ಹೇಳಿದ. ನನಗೆ ಬೇಜಾರಾಯ್ತು ಭಾವ. ಅವಳಿಗೆ ಹಾಗೆ ಕರೆಯಲಿಕ್ಕೆ ನಾನು ಕಲಿಸಿದ್ದಲ್ಲ."

"ಕಲಿಸಿದ್ದೀರಿ ಅಂತ ನಾನು ಹೇಳಿದೆನಾ?"

"ನಮ್ಮ ಮಕ್ಕಳ ಜೊತೆ ಬೆಳೆದದ್ದಲ್ಲವಾ. ಕೇಳಿ ಕೇಳಿ ಬಂದದ್ದು. ನಾವೂ ತಿದ್ದಲಿಲ್ಲ."

  ನನ್ನ ಮಗಳಿಗೆ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಬೆಳ್ತಂಗಡಿಯ ಡಾಕ್ಟರ ಹತ್ತಿರ ಓಡಿದವನು ಅವನು. ನಂಬರ್ ಬಾಯಿಪಾಠ ಮಾಡಿಸಿದವನೂ ಅವನೇ, ಇಲ್ಲದಿದ್ದರೆ ನಾನು ಆ ದಿನ ಅಲ್ಲಿಂದ ಅವಳನ್ನು ತರುವುದೇ ಕಷ್ಟವಿತ್ತು. ಸಿಟ್ಟು ಮಾಡುವುದಕ್ಕೆ ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಆಗುತ್ತಿತ್ತು, ಅವನು ಹಾಗಿರಲಿಲ್ಲ. ನನಗೆ ಹೊಟ್ಟೆಕಿಚ್ಚು ಆದದ್ದು ಹೌದು. ಅದನ್ನು ನುಂಗಿಕೊಂಡು ವೀಳ್ಯದೆಲೆಯ ತಟ್ಟೆಯನ್ನು ಅವನ ಕಡೆ ಸರಿಸಿದೆ. ಅವನು ತುಂಬಾ ಹೊತ್ತು ಅಡಿಕೆಯ ಹೋಳನ್ನು ಕೈಯಲ್ಲೇ ತಿರುಗಿಸುತ್ತ ಕೂತಿದ್ದ.

ನಾನು ಹೊರಡುವ ದಿನ ಬಂತು. ಜೀಪು ಅಂಗಳದಲ್ಲಿ ನಿಂತಿತ್ತು, ಪೆಟ್ಟಿಗೆ ಕಟ್ಟಿ ಆಗಿತ್ತು. ಪುದಿಯಾಪ್ಲೆ ಹೊರಡುವಾಗ ಮಕ್ಕಳೆಲ್ಲ ಜಗಲಿಯಲ್ಲಿ ಸಾಲಾಗಿ ನಿಂತು ಕೈ ಕೊಟ್ಟು ಸಲಾಂ ಹೇಳುವುದು ಆ ಮನೆಯ ಕ್ರಮ. ಮೊದಲು ಮಾವನ ಮೂವರು ಮಕ್ಕಳು, ಕೊನೆಗೆ ನನ್ನ ಮಗಳು. ಅವಳ ಹಿಂದೆ ಮಾವ ನಿಂತಿದ್ದ. ಅವನ ಮುಖದಲ್ಲಿ ಏನೋ ಗಡಿಬಿಡಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಮಗುವನ್ನು ವೇದಿಕೆಗೆ ಹತ್ತಿಸಿ ಕೆಳಗೆ ನಿಂತ ತಂದೆತಾಯಿಗೆ ಇರುತ್ತದಲ್ಲ, ಹಾಗೆ.

ನಾನು ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತೆ. ಅವಳು ಎರಡೂ ಕೈಯಿಂದ ನನ್ನ ಕೈ ಹಿಡಿದಳು. ಉಸಿರು ತೆಗೆದುಕೊಂಡು, ಸ್ಪಷ್ಟವಾಗಿ, ಒಂದೊಂದು ಅಕ್ಷರವೂ ಬಿಡಿಸಿ ಹೇಳಿದಳು:

"ಉಪ್ಪ, ಹೋಗಿ ಬನ್ನಿ. ಅಸ್ಸಲಾಮು ಅಲೈಕುಂ."

ನಾನು ವ ಅಲೈಕುಂ ಎನ್ನುವಷ್ಟರಲ್ಲಿ ಅವಳು ಕೈ ಬಿಟ್ಟು ಹಿಂದೆ ತಿರುಗಿ, ಕತ್ತು ಮೇಲೆತ್ತಿ ಮಾವನ ಮುಖ ನೋಡಿದಳು.

"ಸರಿ ಹೇಳಿದೆನಾ ಉಪ್ಪ?" ಎಂದು ಕೇಳಿದಳು.

ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ನಾನು ಎದ್ದು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ.